ಹಸಿ ಕಸಕ್ಕೆ ತರಗೆಲೆಯ ಜೊತೆ: ಮನೆಮಟ್ಟದ ಕಾಂಪೋಸ್ಟ್ ಗೊಬ್ಬರ ತಯಾರಿಕೆ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಳಗಿನ ಆರು ಗಂಟೆಯ ಹೊತ್ತಿಗೆ ಗ್ರಾಮದ ಯಾವುದೇ ಬೀದಿಯಲ್ಲಿ ನಡೆದುಹೋದರೆ ಎರಡು ದೃಶ್ಯಗಳು ಕಾಣಸಿಗುತ್ತವೆ. ಮನೆಯ ಮುಂದೆ ಗುಡಿಸಿ ಗುಡ್ಡೆ ಹಾಕಿದ ಮಾವು, ಹಲಸು, ಹೊಂಗೆಯ ತರಗೆಲೆಗೆ ಬೆಂಕಿ ತಗುಲಿಸಿ ಹೊಗೆಯೇಳುತ್ತಿರುತ್ತದೆ. ಅದೇ ಮನೆಯ ಹಿತ್ತಿಲ ಬಾಗಿಲಿನಿಂದ ಹಿಂದಿನ ದಿನದ ಅನ್ನ, ತರಕಾರಿ ಸಿಪ್ಪೆ, ಚಹಾದ ಚರಟ ಎಲ್ಲವೂ ಪ್ಲಾಸ್ಟಿಕ್ ಚೀಲವೊಂದರಲ್ಲಿ ಗಂಟಾಗಿ ಚರಂಡಿಯ ಅಂಚಿಗೆ ಬಂದು ಬೀಳುತ್ತವೆ. ಮುಂಬಾಗಿಲಲ್ಲಿ ಸುಡುವ ವಸ್ತುವಿನ ಕೊರತೆಯಿಂದಲೇ ಹಿಂಬಾಗಿಲಿನ ವಸ್ತು ಕೊಳೆತು ನಾರುತ್ತದೆ ಎಂಬುದು ಈ ಉಪನ್ಯಾಸದ ಮುಖ್ಯ ವಿಷಯ.

ನಮ್ಮ ಗ್ರಾಮಗಳಿಗೆ ಈ ವಿದ್ಯೆ ಹೊಸತೇನಲ್ಲ. ಪ್ರತಿ ಮನೆಗೂ ತಿಪ್ಪೆಯಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುವ ಪದ್ಧತಿ ಹಲವು ಊರುಗಳಲ್ಲಿ ಇಂದಿಗೂ ಇದೆ. ಚಿತ್ರದುರ್ಗ, ಬಳ್ಳಾರಿ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಳ್ಳವರು ಈ ಸಭೆಯಲ್ಲಿರುವ ಅನೇಕರ ಬಂಧುಬಳಗದಲ್ಲಿಯೇ ಇರಬಹುದು. ಆ ತಿಪ್ಪೆ ಕೆಲಸ ಮಾಡುತ್ತಿದ್ದುದಕ್ಕೆ ಕಾರಣವಿತ್ತು. ಕೊಟ್ಟಿಗೆಯಿಂದ ಸಗಣಿ ಬರುತ್ತಿತ್ತು. ಅದರೊಡನೆ ದನ ತಿಂದುಳಿದ ಹುಲ್ಲು, ರಾಗಿ ಜೋಳದ ದಂಟು, ಹಾಸಿದ ಸೊಪ್ಪು, ಗುಡಿಸಿದ ತರಗು ಎಲ್ಲವೂ ಬರುತ್ತಿದ್ದವು. ಹಸಿಯೂ ಒಣದೂ ತಾನಾಗಿಯೇ ಬೆರೆಯುತ್ತಿದ್ದವು. ಯಾರೂ ಅಳತೆ ಮಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಕದ್ದು ಮೊದಲು ದನದ ಬಾನಿಗೆ ಹೋಗುತ್ತಿದ್ದುದರಿಂದ ತಿಪ್ಪೆಗೆ ಬೀಳುತ್ತಿದ್ದ ಹಸಿ ಕಸವೂ ಅಲ್ಪವೇ. ಇಂದು ಬಹುಪಾಲು ಮನೆಗಳಲ್ಲಿ ದನವಿಲ್ಲ, ಅಂಗಳಕ್ಕೆ ಸಿಮೆಂಟು ಬಂದಿದೆ, ತಿಪ್ಪೆಗೆ ಪ್ಲಾಸ್ಟಿಕ್ ಸೇರಿದೆ. ತಿಪ್ಪೆ ಹೋಯಿತು, ಅದರ ಸ್ಥಾನಕ್ಕೆ ಪಂಚಾಯತಿಯ ಕಸದ ವಾಹನ ಬಂದಿತು.

ಆ ವಾಹನ ಏನನ್ನು ಹೊರುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 1,200 ಮನೆಗಳಿರುವ ಒಂದು ಪಂಚಾಯತಿಯಲ್ಲಿ ಮನೆಯೊಂದಕ್ಕೆ ದಿನಕ್ಕೆ ಅರ್ಧ ಕಿಲೋ ಹಸಿ ಕಸವೆಂದು ಹಿಡಿದರೆ ದಿನಕ್ಕೆ 600 ಕಿಲೋ, ತಿಂಗಳಿಗೆ 18 ಟನ್ ಆಗುತ್ತದೆ. ಅಡುಗೆಮನೆಯ ಕಸದಲ್ಲಿ ನೂರಕ್ಕೆ 70ರಿಂದ 80 ಭಾಗ ನೀರೇ. ಅಂದರೆ ಸ್ವಚ್ಛವಾಹಿನಿಯು ತಿಂಗಳಿಗೆ ಸುಮಾರು 13 ಟನ್ ನೀರನ್ನು ಡೀಸೆಲ್ ಸುಟ್ಟು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುತ್ತದೆ. ಕುಡಿಯುವ ನೀರಿಗಾಗಿ ಟ್ಯಾಂಕರ್ ಕಳುಹಿಸುವ ಪಂಚಾಯತಿಗಳೇ ಕಸದ ರೂಪದಲ್ಲಿ ನೀರನ್ನು ಹೊತ್ತು ತಿರುಗುವುದು ವಿಚಿತ್ರವೇ ಸರಿ. ಈ ಅಂಕಿಗಳು ಅಂದಾಜಿನವು. ಪ್ರತಿ ಪಂಚಾಯತಿಯೂ ಹತ್ತು ಮನೆಗಳ ಹಸಿ ಕಸವನ್ನು ಒಂದು ವಾರ ತೂಕ ಮಾಡಿದರೆ ತನ್ನದೇ ಲೆಕ್ಕ ದೊರೆಯುತ್ತದೆ. ಅದಕ್ಕೆ ಒಂದು ತೂಗುತಕ್ಕಡಿಯ ಹೊರತು ಬೇರೇನೂ ಬೇಡ.

ಡೀಸೆಲ್ ವೆಚ್ಚಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ವಾಹನ ಚಾಲನೆ ಮಾಡುವವರು, ಘಟಕದಲ್ಲಿ ಕಸ ವಿಂಗಡಿಸುವವರು ಬಹುತೇಕ ಸ್ವಸಹಾಯ ಸಂಘಗಳ ಮಹಿಳೆಯರು. ಕೊಳೆತ ಅನ್ನದಲ್ಲಿ ಅದ್ದಿದ ಹಾಲಿನ ಪ್ಯಾಕೆಟ್, ಸಾರಿನಲ್ಲಿ ನೆನೆದ ಕಾಗದ, ಅದರೊಳಗೆ ಒಡೆದ ಗಾಜು: ಇವನ್ನು ಬಿಡಿಸುವುದು ಅವರ ಕೈಗಳು. ಹಸಿ ಕಸ ಮನೆಯಲ್ಲೇ ಉಳಿದರೆ ವಾಹನಕ್ಕೆ ಬರುವುದು ಒಣ ಕಸ ಮಾತ್ರ. ಅದನ್ನು ವಾರಕ್ಕೆ ಎರಡು ದಿನ ಸಂಗ್ರಹಿಸಿದರೂ ನಡೆಯುತ್ತದೆ. ಅದಕ್ಕೆ ಖರೀದಿದಾರರೂ ಸಿಗುತ್ತಾರೆ, ಒಕ್ಕೂಟಕ್ಕೆ ನಾಲ್ಕು ಕಾಸು ಆದಾಯವೂ ಬರುತ್ತದೆ. ಒದ್ದೆಯಾದ ಪ್ಲಾಸ್ಟಿಕ್ಕನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ.

ಬೆರೆತ ಕಸ ಒಂದೆಡೆ ಗುಡ್ಡೆಯಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಸುತ್ತಲಿನ ಗ್ರಾಮಗಳು ಕಂಡಿವೆ. ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಜನರು ಮಹಾನಗರದ ಕಸವನ್ನು ವರ್ಷಗಟ್ಟಲೆ ಸಹಿಸಿ, ಕೊನೆಗೆ ರಸ್ತೆಗಿಳಿದು ಪ್ರತಿಭಟಿಸಿದರು. ಮಾವಳ್ಳಿಪುರಕ್ಕೆ ಲಾರಿಗಳು ಬರುವುದು 2012ರಲ್ಲಿ ನಿಂತಿತು, ಮಂಡೂರಿನಲ್ಲಿ 2014ರ ಕೊನೆಗೆ ನಿಂತಿತು. ಗಾಳಿಯಾಡದ ರಾಶಿಯೊಳಗೆ ಹಸಿ ಕಸ ಕೊಳೆತು ಕಪ್ಪು ರಸ ಇಳಿಯುತ್ತದೆ. ಅದು ಕೆರೆಯನ್ನೂ ಕೊಳವೆಬಾವಿಯನ್ನೂ ಸೇರುತ್ತದೆ. ರಾಶಿಯಿಂದ ಏಳುವ ಮೀಥೇನ್ ಅನಿಲವು ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 28 ಪಟ್ಟು ಪ್ರಬಲ. ಮಹಾನಗರದ ಕಸ ಬೇಡವೆನ್ನುವ ಗ್ರಾಮಗಳು ತಮ್ಮದೇ ಕಸವನ್ನು ಕೆರೆಯಂಗಳಕ್ಕೆ ಸುರಿದರೆ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ಪ್ರಮಾಣ ಮಾತ್ರ ಚಿಕ್ಕದು.

ಈ ಕಾರಣಗಳಿಂದಲೇ ನರೇಗಾ ಯೋಜನೆಯಡಿಯೂ ಸ್ವಚ್ಛ ಭಾರತ್ ಮಿಷನ್ ಅಡಿಯೂ ಅನೇಕ ಮನೆಗಳಲ್ಲಿ ಗೊಬ್ಬರದ ಗುಂಡಿಗಳು, ತೊಟ್ಟಿಗಳು ನಿರ್ಮಾಣವಾದವು. ಕಾಮಗಾರಿ ಮುಗಿದಿದೆ, ಛಾಯಾಚಿತ್ರ ಅಪ್‌ಲೋಡ್ ಆಗಿದೆ, ಬಿಲ್ಲು ಪಾವತಿಯಾಗಿದೆ. ಆದರೆ ಗುಂಡಿಗಳೊಳಗೆ ಇಣುಕಿ ನೋಡಿದವರು ಕಡಿಮೆ. ಹಾಗೆ ಇಣುಕಿದ ಸದಸ್ಯರೊಬ್ಬರಿಗೆ ತಮ್ಮ ವಾರ್ಡಿನ ಮನೆಯೊಂದರ ತೊಟ್ಟಿಯಲ್ಲಿ ಒಪ್ಪವಾಗಿ ಜೋಡಿಸಿಟ್ಟ ಸೌದೆ ಕಂಡಿತು. ಸೌದೆಯ ಮೇಲೆ ಕೋಳಿಯೊಂದು ಕಾವಿಗೆ ಕುಳಿತಿತ್ತು. ಮನೆಯ ಹಿರಿಯ ತಾಯಿ ಸಂಕೋಚವಿಲ್ಲದೆ ಹೇಳಿದರು:

"ಒಂದು ತಿಂಗಳು ಹಾಕಿದ್ವಪ್ಪ. ನಾತ ತಡೆಯೋಕಾಗ್ಲಿಲ್ಲ, ಬಿಳೀ ಹುಳ ಎದ್ವು. ಸೊಸೆ ಬ್ಯಾಡವೇ ಬ್ಯಾಡ ಅಂದ್ಲು, ಮುಚ್ಚಿಬಿಟ್ವಿ."

"ತರಗೆಲೆ ಹಾಕ್ತಿದ್ರಾ ಅಜ್ಜಿ?"

"ಎಲೆ ಯಾತಕ್ಕೆ? ಅದನ್ನ ಸುಡ್ತೀವಿ. ಅಡಿಗೆಮನೆ ಕಸ ಹಾಕಿ ಅಂತ ನೀವೇ ಅಲ್ವಾ ಬಂದು ಹೇಳಿದ್ದು?"

ಆ ತಾಯಿಯ ಮಾತಿನಲ್ಲಿ ತಪ್ಪಿಲ್ಲ. ತೊಟ್ಟಿ ಕಟ್ಟಲು ಇಷ್ಟು ಇಟ್ಟಿಗೆ, ಇಷ್ಟು ಸಿಮೆಂಟು ಎಂಬ ಅಂದಾಜುಪಟ್ಟಿ ಸಿದ್ಧವಾಗಿತ್ತು. ಅದರೊಳಗೆ ಏನನ್ನು ಎಷ್ಟು ಹಾಕಬೇಕೆಂಬ ಮಾತು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಜನರು ಸಹಕರಿಸುವುದಿಲ್ಲ ಎಂದು ಸಭೆಗಳಲ್ಲಿ ಆಗಾಗ ಕೇಳಿಬರುವ ದೂರನ್ನು ಇಂತಹ ಮನೆಯ ಮುಂದೆ ನಿಂತು ಮರುಪರಿಶೀಲಿಸುವುದು ಒಳ್ಳೆಯದು. ಆ ಮನೆಯವರು ಒಂದು ತಿಂಗಳು ಸಹಕರಿಸಿದ್ದರು.

ಗುಂಡಿಯೊಳಗೆ ಕೆಲಸ ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಶಕ್ತಿಗಾಗಿ ಇಂಗಾಲ ಬೇಕು, ಮೈ ಬೆಳೆಸಲು ಸಾರಜನಕ ಬೇಕು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲದ ಪಾಲು ಸಾಮಾನ್ಯವಾಗಿ 15ರಿಂದ 20. ಒಣಗಿದ ಎಲೆಯಲ್ಲಿ 50ಕ್ಕೂ ಮಿಗಿಲು. ಹಸಿ ಕಸವನ್ನಷ್ಟೇ ಹಾಕಿದರೆ ಹೆಚ್ಚುವರಿ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ನೀರು ತುಂಬಿ ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ಬೇಡದ ಜೀವಿಗಳು ಮೇಲುಗೈ ಪಡೆದು ಕೊಳೆತ ಮೊಟ್ಟೆಯ ವಾಸನೆ ಹರಡುತ್ತದೆ. ಎಲೆಯನ್ನಷ್ಟೇ ಹಾಕಿದರೆ ವರ್ಷವಾದರೂ ಎಲೆ ಎಲೆಯಾಗಿಯೇ ಉಳಿಯುತ್ತದೆ. ಎರಡನ್ನೂ ಬೆರೆಸಿದರೆ ಎಲೆಯು ನೀರನ್ನು ಹೀರಿಕೊಳ್ಳುತ್ತದೆ, ಸಂದುಗಳಲ್ಲಿ ಗಾಳಿಗೆ ಎಡೆ ಮಾಡುತ್ತದೆ, ಕಡಿಮೆಬಿದ್ದ ಇಂಗಾಲವನ್ನು ಒದಗಿಸುತ್ತದೆ. ಮೂರು ಕೆಲಸಗಳನ್ನು ಉಚಿತವಾಗಿ ಮಾಡುವ ವಸ್ತುವನ್ನು ಪ್ರತಿದಿನ ಬೆಳಗ್ಗೆ ಬೆಂಕಿಗೆ ಕೊಡಲಾಗುತ್ತಿದೆ.

ಮನೆಯವರಿಗೆ ಅನುಪಾತದ ಪಾಠ ಬೇಕಿಲ್ಲ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಪುಡಿಮಾಡಿದ ತರಗೆಲೆ ಎಂದರೆ ಸಾಕು. ಹದ ನೋಡಲು ಗುಂಡಿಯ ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಬೇಕು. ಬೆರಳ ಸಂದಿನಲ್ಲಿ ಒಂದೆರಡು ಹನಿ ಮಾತ್ರ ಒಸರಿದರೆ ತೇವಾಂಶ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಎಲೆ ಸೇರಿಸಬೇಕು. ಹಿಡಿ ಬಿಚ್ಚಿದಾಗ ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಚಪಾತಿ ಹಿಟ್ಟಿನ ಹದ ಬಲ್ಲ ಕೈಗೆ ಇದು ಕಷ್ಟವಲ್ಲ.

ಈ ಶಾಸ್ತ್ರದ ಬೆಳವಣಿಗೆಗೆ ಭಾರತದ ನೆಲ, ಅದರಲ್ಲೂ ಬೆಂಗಳೂರು, ಗಣನೀಯ ಕೊಡುಗೆ ನೀಡಿದೆ ಎಂಬುದು ಸದಸ್ಯರಿಗೆ ತಿಳಿದಿರಲಿ. ಆಲ್ಬರ್ಟ್ ಹೋವರ್ಡ್ ಎಂಬ ಕೃಷಿ ವಿಜ್ಞಾನಿ ಇಂದೋರಿನಲ್ಲಿ ಇಲ್ಲಿನ ರೈತರ ಅನುಭವವನ್ನೂ ಸೇರಿಸಿಕೊಂಡು ಪ್ರಯೋಗ ನಡೆಸಿ, ಯಶವಂತ ವಾಡ್ ಅವರೊಡನೆ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದು ಇಂದೋರ್ ಪದ್ಧತಿ. ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವುದು ಅದರ ಜೀವಾಳ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ ವಿಧಾನ ಬೆಂಗಳೂರು ಪದ್ಧತಿಯೆಂದೇ ಜಗತ್ತಿನ ಪಠ್ಯಗಳಲ್ಲಿ ಹೆಸರಾಗಿದೆ. ಅದರಲ್ಲಿ ಪದರ ಪದರವಾಗಿ ತುಂಬಿದ ಗುಂಡಿಯನ್ನು ಮಣ್ಣಿನಿಂದ ಮೆತ್ತಿ ಮುಚ್ಚಿಬಿಡುತ್ತಾರೆ. ಮಗುಚುವ ಶ್ರಮವಿಲ್ಲ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ರೈತ ನಾರಾಯಣ ದೇವತಾವ್ ಪಾಂಢರಿಪಾಂಡೆಯವರು ಗೋಡೆಯ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು, ಮಗುಚದೆಯೇ ಗಾಳಿಯಾಡುವಂತೆ ಮಾಡಿದರು. ಅವರ ಹೆಸರಿನ ಅಕ್ಷರಗಳಿಂದಲೇ ನಾಡೆಪ್ ಎಂಬ ಹೆಸರು ಬಂದಿದೆ. ಕಾಮಗಾರಿ ಪಟ್ಟಿಯಲ್ಲಿ ನಾಡೆಪ್ ಎಂದು ಬರೆಯುವಾಗ ಕಿಂಡಿ ಬಿಡದೆ ಗೋಡೆ ಕಟ್ಟಿ, ಒಳಗೆ ನುಣ್ಣಗೆ ಗಾರೆ ಮಾಡಿಸುವ ಗುತ್ತಿಗೆದಾರರೂ ಇದ್ದಾರೆ. ಅಂತಹುದು ನೀರಿನ ತೊಟ್ಟಿಯಾಗಬಲ್ಲದೇ ಹೊರತು ಗೊಬ್ಬರದ ತೊಟ್ಟಿಯಾಗಲಾರದು.

ನಾಡೆಪ್ ತೊಟ್ಟಿಯ ಮೂಲ ಅಳತೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ. ಅದು ದನಕರುಗಳಿರುವ ರೈತನಿಗೆ, ಶಾಲೆಯ ಬಿಸಿಯೂಟಕ್ಕೆ, ವಸತಿನಿಲಯಕ್ಕೆ ತಕ್ಕುದು. ಐದು ಜನರ ಮನೆಗೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಎರಡು ಗುಂಡಿಗಳು ಸಾಕು. ಎರಡೇಕೆ ಎಂಬುದು ಸದಸ್ಯರಿಗೆ ಶೌಚಾಲಯದ ಅವಳಿ ಗುಂಡಿಗಳಿಂದ ತಿಳಿದೇ ಇದೆ. ಒಂದು ತುಂಬಿದ ಮೇಲೆ ಮುಚ್ಚಿ, ಇನ್ನೊಂದನ್ನು ಬಳಸಬೇಕು. ಎರಡನೆಯದು ತುಂಬುವ ವೇಳೆಗೆ ಮೊದಲನೆಯದು ಮಾಗಿರುತ್ತದೆ. ಗುಂಡಿಯ ತಳಕ್ಕೆ ಸಿಮೆಂಟು ಹಾಕಬಾರದು. ನೀರು ಇಂಗಬೇಕು, ಎರೆಹುಳು ಮೇಲೇರಿ ಬರಬೇಕು. ತಳದಲ್ಲಿ ಅರ್ಧ ಅಡಿ ಕಡ್ಡಿಕಸ, ತೆಂಗಿನ ಗರಿಯ ತುಂಡುಗಳನ್ನು ಹರಡಿ, ಮೊದಲ ದಿನ ಒಂದು ಬಕೆಟ್ ಸಗಣಿ ಬಗ್ಗಡ ಸುರಿದರೆ ಜೀವಾಣುಗಳ ಕೆಲಸ ಬೇಗ ಆರಂಭವಾಗುತ್ತದೆ. ಸಗಣಿ ಸಿಗದಿದ್ದರೆ ಹಳೆಯ ಗೊಬ್ಬರ ಎರಡು ಬೊಗಸೆ ಸಾಕು. ಪೊಟ್ಟಣದಲ್ಲಿ ಬರುವ ಪುಡಿಗಳಿಗೆ ಮನೆಯವರಾಗಲಿ ಪಂಚಾಯತಿಯಾಗಲಿ ಹಣ ಸುರಿಯುವ ಅಗತ್ಯವಿಲ್ಲ.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲಕ್ಕೆ ಗುಂಡಿ ಬಾವಿಯಾಗುತ್ತದೆ. ಅಲ್ಲಿ ನೆಲದ ಮೇಲೆಯೇ ಅಡಿಕೆ ದಬ್ಬೆ ಅಥವಾ ಬಿದಿರಿನ ಗೂಡು ಮಾಡಿ, ಮೇಲೆ ಮಡಲಿನ ಮಾಡು ಹಾಕುವುದು ಸೂಕ್ತ. ಬಯಲುಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ. ಬೇಸಿಗೆಯಲ್ಲಿ ರಾಶಿ ಒಣಗಿ ಗೆದ್ದಲು ಹತ್ತುತ್ತದೆ. ಅಲ್ಲಿ ಗುಂಡಿಯೇ ಒಳ್ಳೆಯದು, ವಾರಕ್ಕೊಮ್ಮೆ ಪಾತ್ರೆ ತೊಳೆದ ಮೊದಲ ನೀರು ಚಿಮುಕಿಸಿದರೆ ತೇವ ಉಳಿಯುತ್ತದೆ. ಹಿತ್ತಿಲೇ ಇಲ್ಲದ ಮನೆಗೆ ಬದಿಯಲ್ಲೂ ತಳದಲ್ಲೂ ತೂತು ಕೊರೆದ ಎರಡು ಹಳೆಯ ಡ್ರಮ್ ಅಥವಾ ಮೂರು ಮಡಕೆಗಳು ಸಾಕಾಗುತ್ತವೆ.

ಗುಂಡಿಗೆ ಸಾರು, ಗಂಜಿ, ಮಜ್ಜಿಗೆ ಸುರಿಯಬಾರದು. ಮೀನು, ಮಾಂಸದ ತ್ಯಾಜ್ಯವನ್ನು ನಡುವಿನಲ್ಲಿ ಆಳವಾಗಿ ಹೂತು ಮೇಲೆ ಒಂದು ಅಡಿ ಎಲೆ ಮುಚ್ಚಿದರೆ ನಾಯಿ, ಹೆಗ್ಗಣಗಳ ಕಾಟ ತಗ್ಗುತ್ತದೆ. ಅಷ್ಟು ಎಲೆಯಿಲ್ಲದವರು ಹಾಕದಿರುವುದೇ ಮೇಲು. ಮನೆಯ ಸಣ್ಣ ಗುಂಡಿ ದೊಡ್ಡ ರಾಶಿಯಂತೆ 55 ಡಿಗ್ರಿಗೂ ಮೀರಿ ಕಾಯುವುದಿಲ್ಲ, ರೋಗಾಣುಗಳು ಸಾಯುವ ಭರವಸೆಯಿಲ್ಲ. ಆದುದರಿಂದ ನಾಯಿ ಬೆಕ್ಕುಗಳ ಮಲ, ರೋಗ ತಗುಲಿದ ಗಿಡ, ಬೀಜ ಕಟ್ಟಿದ ಕಳೆ ಅಲ್ಲಿಗೆ ಹೋಗಬಾರದು. ವಾಸನೆ ಬಂದೊಡನೆ ಸುಣ್ಣ ಎರಚುವ ರೂಢಿ ಹಲವೆಡೆ ಇದೆ. ಸುಣ್ಣವೂ ಹೆಚ್ಚಿನ ಬೂದಿಯೂ ಸಾರಜನಕವನ್ನು ಅಮೋನಿಯಾ ಮಾಡಿ ಹಾರಿಸುತ್ತವೆ. ವಾಸನೆಗೆ ಮದ್ದು ಎಲೆ ಮತ್ತು ಒಂದು ಕೋಲಿನಿಂದ ಕೆದಕುವುದು. ಆ ಅಜ್ಜಿ ಹೇಳಿದ ಬಿಳೀ ಹುಳುಗಳ ಬಗ್ಗೆ ಒಂದು ಮಾತು. ಅವು ನೊಣದ ಜಾತಿಯ ಮರಿಹುಳುಗಳು. ಕಸ ತೀರ ಒದ್ದೆಯಾಗಿದೆ, ತೆರೆದಿದೆ ಎಂಬುದರ ಸೂಚನೆ ಅವು. ಎಲೆ ಮುಚ್ಚಿದ ಒಂದು ವಾರದಲ್ಲಿ ಕಡಿಮೆಯಾಗುತ್ತವೆ.

ಇಷ್ಟೆಲ್ಲದಕ್ಕೂ ತರಗೆಲೆ ಇರಬೇಕು, ನಿಜವಾದ ತೊಡಕು ಇರುವುದೂ ಅಲ್ಲಿಯೇ. ಹಸಿ ಕಸ ವರ್ಷದ ಎಲ್ಲ ದಿನವೂ ಹುಟ್ಟುತ್ತದೆ. ಎಲೆ ಉದುರುವುದು ಮಾತ್ರ ಮಾಘ, ಫಾಲ್ಗುಣ ಮಾಸಗಳಲ್ಲಿ, ಶಿವರಾತ್ರಿಯ ಆಸುಪಾಸಿನಲ್ಲಿ. ಆಗ ಬೀದಿಬೀದಿಯಲ್ಲಿ ಹೊಗೆ. ಆಷಾಢ, ಶ್ರಾವಣಗಳಲ್ಲಿ ಹುಡುಕಿದರೂ ಒಂದು ಬುಟ್ಟಿ ಒಣ ಎಲೆಯಿಲ್ಲ. ಗುಂಡಿಗಳು ನಾರಿ ಮುಚ್ಚಿಹೋಗುವುದು ಬಹುಪಾಲು ಮಳೆಗಾಲದಲ್ಲಿ ಎಂಬುದನ್ನು ಸದಸ್ಯರು ತಮ್ಮ ಊರುಗಳಲ್ಲಿ ವಿಚಾರಿಸಿ ನೋಡಬಹುದು. ಅರ್ಧ ಕಿಲೋ ಹಸಿ ಕಸವೆಂದರೆ ಸುಮಾರು ಒಂದು ಲೀಟರ್ ಗಾತ್ರ. ಅದಕ್ಕೆ ದಿನಕ್ಕೆ ಎರಡು ಲೀಟರ್ ಗಾತ್ರದ ಎಲೆ. ಮಳೆಗಾಲದ 120 ದಿನಗಳಿಗೆ 240 ಲೀಟರ್. ಒಣ ಎಲೆಯನ್ನು ತುಳಿದು ಪುಡಿಮಾಡಿ ತುಂಬಿದರೆ ಇದು ಮೂರು ದೊಡ್ಡ ಚೀಲಗಳಿಗೆ ಮೀರದು. ಶಿವರಾತ್ರಿಯಲ್ಲಿ ಮೂರು ಚೀಲ ಎಲೆಯನ್ನು ಮಳೆ ತಾಗದ ಕಡೆ ಕಟ್ಟಿಟ್ಟ ಮನೆಯ ಗುಂಡಿ ಶ್ರಾವಣದಲ್ಲಿ ನಾರುವುದಿಲ್ಲ. ಮರಗಳಿಲ್ಲದ ಕೇರಿಗಳಿಗೆ ಶಾಲೆಯ ಆವರಣದಿಂದ, ದೇವಸ್ಥಾನದ ಅರಳೀಕಟ್ಟೆಯಿಂದ, ರಸ್ತೆಬದಿಯ ಸಾಲುಮರಗಳಿಂದ ಎಲೆ ಒಟ್ಟುಮಾಡಿ ತಲುಪಿಸುವುದು ಪಂಚಾಯತಿಯಿಂದ ಆಗಬಲ್ಲ ಕೆಲಸ. ಜನತಾ ಮನೆಗಳ ಸಾಲಿನಲ್ಲಿ ಹಿತ್ತಿಲೂ ಇಲ್ಲ, ಮರವೂ ಇಲ್ಲ. ಅಲ್ಲಿನವರಿಗೆ ಗುಂಡಿ ಕಡ್ಡಾಯವೆಂದು ನೋಟಿಸು ನೀಡುವುದು ನ್ಯಾಯವಲ್ಲ. ಅವರ ಹಸಿ ಕಸವನ್ನು ಬೇರೆಯಾಗಿ ಪಡೆದು ಸಮುದಾಯ ತೊಟ್ಟಿಗೆ ಹಾಕುವ ಹೊಣೆ ಪಂಚಾಯತಿಯದೇ.

ಎಲೆ ಸುಡುವುದನ್ನು ನಿಲ್ಲಿಸಲು ಕಾನೂನಿನ ಬಲವೂ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಹೂಡಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ವಿಧಿಸುವಂತೆ ಆದೇಶಿಸಿತು. ಆದರೆ ಅಂಗಳ ಗುಡಿಸುವ ಮುದುಕಿಯ ಮೇಲೆ ಆ ಆದೇಶವನ್ನು ಬೀಸುವುದಕ್ಕಿಂತ ಒಂದು ಖಾಲಿ ಚೀಲ ಕೊಡುವುದು ಹೆಚ್ಚು ಫಲಕಾರಿ.

ಗೊಬ್ಬರದ ಬಗ್ಗೆ ಉತ್ಪ್ರೇಕ್ಷೆ ಬೇಡ. ಗ್ರಾಮಸಭೆಗಳಲ್ಲಿ ಯೂರಿಯಾ ಖರ್ಚು ಉಳಿಯುತ್ತದೆ ಎಂದು ಹೇಳುವವರಿದ್ದಾರೆ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ನೂರಕ್ಕೆ 46ರಂತೆ ಸುಮಾರು 20 ಕಿಲೋ ಸಾರಜನಕವಿದೆ. ಮನೆಗೊಬ್ಬರದಲ್ಲಿ ಅದು ನೂರಕ್ಕೆ ಒಂದು ಭಾಗದ ಆಸುಪಾಸು. ಒಂದು ಚೀಲಕ್ಕೆ ಸಾಟಿಯಾಗಲು ಎರಡು ಟನ್ ಗೊಬ್ಬರ ಬೇಕು. ರೈತರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ, ಹೇಳಿದವರ ಮೇಲಿನ ನಂಬಿಕೆ ಹೋಗುತ್ತದೆ. ಮನೆಗೊಬ್ಬರದ ನಿಜವಾದ ಬೆಲೆ ಮಣ್ಣನ್ನು ಸಡಿಲಗೊಳಿಸುವುದರಲ್ಲಿ, ತೇವ ಹಿಡಿದಿಡುವುದರಲ್ಲಿದೆ. ಹಿತ್ತಿಲ ಬಸಳೆ ಚಪ್ಪರ, ಕರಿಬೇವು, ನುಗ್ಗೆ, ಮಲ್ಲಿಗೆ ಬಳ್ಳಿಗೆ ಅದು ಧಾರಾಳವಾಗಿ ಸಾಲುತ್ತದೆ. ಮಾಗಿದ ಗೊಬ್ಬರ ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬೀರುತ್ತದೆ. ಸಂದೇಹವಿದ್ದರೆ ಅದರಲ್ಲಿ ಒಂದು ಚಿಟಿಕೆ ಮೆಂತ್ಯ ಬಿತ್ತಬೇಕು. ನಾಲ್ಕೈದು ದಿನಗಳಲ್ಲಿ ಚೆನ್ನಾಗಿ ಮೊಳೆತರೆ ಬಳಕೆಗೆ ಯೋಗ್ಯ, ಮೊಳಕೆ ಸುಟ್ಟಂತಾದರೆ ಇನ್ನೊಂದು ತಿಂಗಳು ಬಿಡಬೇಕು.

ಪಂಚಾಯತಿಯ ದಾಖಲೆಯ ಕ್ರಮದಲ್ಲಿ ಒಂದು ಬದಲಾವಣೆ ಅಗತ್ಯ. ಸದ್ಯ ವಹಿಯಲ್ಲಿ ಇರುವುದು ನಿರ್ಮಿಸಿದ ಗುಂಡಿಗಳ ಸಂಖ್ಯೆ. ಅದರ ಪಕ್ಕದಲ್ಲಿ ಎರಡು ಕಲಂಗಳನ್ನು ಸೇರಿಸಬೇಕು: ಮಳೆಗಾಲಕ್ಕೆ ಮುನ್ನ ಮನೆಯಲ್ಲಿ ಕಟ್ಟಿಟ್ಟ ಎಲೆಯ ಚೀಲಗಳೆಷ್ಟು, ವರ್ಷದಲ್ಲಿ ಹೊರತೆಗೆದ ಗೊಬ್ಬರದ ಬುಟ್ಟಿಗಳೆಷ್ಟು. ಎರಡನ್ನೂ ಸದಸ್ಯರು ತಮ್ಮ ವಾರ್ಡಿನಲ್ಲಿ ಕಣ್ಣಾರೆ ಕಂಡು ತುಂಬಬಹುದು. ಮೊದಲ ಸಾಲಿನಲ್ಲಿ ಸದಸ್ಯರ ಮನೆಯೇ ಇರಲಿ. ವಾರ್ಡ್ ಸಭೆಯಲ್ಲಿ ಜನ ಕೇಳುವ ಮೊದಲ ಪ್ರಶ್ನೆಯೇ ಅದು.

ಮಧ್ಯಾಹ್ನದ ಊಟದ ನಂತರ ಈ ಸಭಾಂಗಣದ ಹಿಂಭಾಗದಲ್ಲಿ ಪ್ರಾತ್ಯಕ್ಷಿಕೆ ಇರುತ್ತದೆ. ಅಲ್ಲಿ ಎರಡು ಗುಂಡಿಗಳಿವೆ. ಒಂದು ಎಂಟು ತಿಂಗಳ ಹಿಂದೆ ಮುಚ್ಚಿದ್ದು, ಇನ್ನೊಂದು ಇಂದು ತೋಡಿದ್ದು. ಊಟದ ಬಾಳೆ ಎಲೆಗಳನ್ನೂ ಮಿಕ್ಕ ಪಲ್ಯವನ್ನೂ ಸದಸ್ಯರೇ ಹೊಸ ಗುಂಡಿಗೆ ಹಾಕಿ ಮೇಲೆ ತರಗೆಲೆ ಮುಚ್ಚಬೇಕು. ಬಳಿಕ ಹಳೆಯ ಗುಂಡಿಯಿಂದ ಒಬ್ಬೊಬ್ಬರೂ ಒಂದು ಹಿಡಿ ತೆಗೆದು ಹಿಂಡಿ, ಮೂಸಿ ನೋಡಬೇಕು. ಕೈ ತೊಳೆಯಲು ನೀರು, ಸಾಬೂನು ಅಲ್ಲಿಯೇ ಇಡಲಾಗಿದೆ.